ಬೆಳೆದ ಹಣ್ಣು ಜನರ ಬಾಯಿಗೆ ಸೇರಲಿ

ಮಾನ್ಯರೇ,

ದೇಶದಲ್ಲಿ 1991-92ರಲ್ಲಿ ಮೂರು ಕೋಟಿ ಟನ್ನಿಗೂ ಕಡಿಮೆಯಿದ್ದ ಹಣ್ಣಿನ ಉತ್ಪಾದನೆ 2022-23ಕ್ಕೆ ಸುಮಾರು 11 ಕೋಟಿ ಟನ್ ಮುಟ್ಟಿದೆ. ತಲೆಗೆ ದಿನಕ್ಕೆ 200 ಗ್ರಾಂ ಮೀರುವ ಲೆಕ್ಕ. ಆದರೆ ಸಿಪ್ಪೆ, ಓಟೆ, ಮಂಡಿಯಲ್ಲಿ ಕೊಳೆತದ್ದು ಎಲ್ಲವೂ ಈ ತೂಕದಲ್ಲೇ ಸೇರಿವೆ. 2015ರ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಅಧ್ಯಯನ ಸೀಬೆಯ ಕೊಯ್ಲೋತ್ತರ ನಷ್ಟವನ್ನೇ ಶೇ 15.88 ಎಂದಿತ್ತು.

ಶೈತ್ಯಾಗಾರಗಳ ಸಂಖ್ಯೆ ಹೆಚ್ಚಿಸಿದರೆ ಸಾಲದು. ಆಲೂಗಡ್ಡೆಗೆಂದು 2–4 ಡಿಗ್ರಿಗೆ ಕಟ್ಟಿದ ಕೋಣೆಯಲ್ಲಿ ಬಾಳೆ ಇಟ್ಟರೆ ಸಿಪ್ಪೆ ಕಪ್ಪಾಗಿ, ಕಾಯಿ ಸರಿಯಾಗಿ ಹಣ್ಣಾಗುವುದೇ ಇಲ್ಲ. ಅದಕ್ಕೆ 13–14 ಡಿಗ್ರಿ ಬೇಕು. ಮಾವನ್ನು ತೊಟ್ಟು ಮುರಿದು ಕೊಯ್ದರೆ ಸೊನೆ ಹರಿದು ಸಿಪ್ಪೆ ಸುಡುತ್ತದೆ, ಅಲ್ಲಿಂದಲೇ ಕೊಳೆ ಶುರು. ಹೊಸ ತೋಟಕ್ಕೆ ಕೊಡುವ ಸಹಾಯಧನದಷ್ಟೇ ಮುತುವರ್ಜಿಯಿಂದ ಸರ್ಕಾರ ಹೋಬಳಿ ಮಟ್ಟದಲ್ಲಿ ಕ್ರೇಟು, ನೆರಳು, ಹಣ್ಣು ಮಾಗಿಸುವ ಕೋಣೆ ಒದಗಿಸಲಿ.

– ಮಾವು ಬೆಳೆಗಾರರು, ಶ್ರೀನಿವಾಸಪುರ