ವೀಸಾ ಶುಲ್ಕದ ರಸೀದಿ ಬಿಡಿಬಿಡಿಯಾಗಿರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಮಕ್ಕಳು ಉನ್ನತ ವ್ಯಾಸಂಗಕ್ಕೆ ಹೊರದೇಶಕ್ಕೆ ಹೋಗುವುದು ಈಗ ವೈದ್ಯರ, ವರ್ತಕರ ಮನೆಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಕೃಷಿಕ ಕುಟುಂಬಗಳೂ ಈ ಸಾಹಸಕ್ಕೆ ಕೈಹಾಕುತ್ತಿವೆ. ವಿಶ್ವವಿದ್ಯಾಲಯದ ಶುಲ್ಕವನ್ನೂ ವಿಮಾನದ ಟಿಕೆಟನ್ನೂ ಪೈಸೆ ಪೈಸೆಗೆ ಲೆಕ್ಕ ಹಾಕುವ ಈ ತಂದೆತಾಯಿಯರು ವೀಸಾ ಅರ್ಜಿಯ ವೆಚ್ಚವನ್ನು ಮಾತ್ರ ಸಲಹಾ ಕೇಂದ್ರದವರು ಹೇಳಿದ ಇಡಿಗಂಟಿಗೆ ಒಪ್ಪಿಸಿಬಿಡುವುದನ್ನು ನಿವೃತ್ತ ಬ್ಯಾಂಕ್ ನೌಕರನಾಗಿ ನಾನು ಗಮನಿಸುತ್ತ ಬಂದಿದ್ದೇನೆ.

ಇತ್ತೀಚೆಗೆ ಪರಿಚಿತರೊಬ್ಬರು ಅಂಥದೊಂದು ರಸೀದಿಯನ್ನು ತಂದು ತೋರಿಸಿದರು. ‘ವೀಸಾ ಮತ್ತು ಇತರೆ ವೆಚ್ಚ’ ಎಂಬ ಒಂದೇ ಸಾಲು, ಅದರ ಮುಂದೆ ಒಟ್ಟು ಮೊತ್ತ, ಕೆಳಗೆ ‘ಯಾವುದೇ ಕಾರಣಕ್ಕೂ ಹಣ ವಾಪಸ್ ಇಲ್ಲ’ ಎಂಬ ರಬ್ಬರ್ ಮೊಹರು. ಅದರಲ್ಲಿ ಆ ದೇಶದ ಸರ್ಕಾರಕ್ಕೆ ಸಂದಾಯವಾಗುವುದು ಎಷ್ಟು, ಕೇಂದ್ರದವರ ಸೇವಾಶುಲ್ಕ ಎಷ್ಟು ಎಂಬುದನ್ನು ತಿಳಿಯುವ ದಾರಿಯೇ ಇರಲಿಲ್ಲ. ವಾಸ್ತವದಲ್ಲಿ ಸರ್ಕಾರಿ ಶುಲ್ಕಗಳಲ್ಲಿ ಗುಟ್ಟೇನೂ ಇಲ್ಲ. ಆಯಾ ದೇಶಗಳ ಅಧಿಕೃತ ಜಾಲತಾಣಗಳಲ್ಲಿ ಅವು ಯಾರಿಗೂ ಸಿಗುತ್ತವೆ.

ಬ್ರಿಟನ್ನಿನ ಉದಾಹರಣೆಯನ್ನೇ ನೋಡೋಣ. ಅಲ್ಲಿನ ವಿದ್ಯಾರ್ಥಿ ವೀಸಾ ಶುಲ್ಕ 2025ರ ಏಪ್ರಿಲ್‌ನಲ್ಲಿ 490 ಪೌಂಡಿನಿಂದ 524 ಪೌಂಡಿಗೆ ಏರಿತು. ಇದರ ಜೊತೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಮೇಲ್ತೆರಿಗೆಯನ್ನು ಅರ್ಜಿಯ ಹಂತದಲ್ಲೇ ಒಟ್ಟಾಗಿ ಕಟ್ಟಬೇಕು. ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ವೀಸಾ ಅವಧಿ ಸಾಮಾನ್ಯವಾಗಿ ಹದಿನಾರು ತಿಂಗಳ ಆಸುಪಾಸಿನಲ್ಲಿರುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಆಗುತ್ತದೆ, ಅಂದರೆ ವೀಸಾ ಶುಲ್ಕದ ಎರಡು ಪಟ್ಟಿಗೂ ಹೆಚ್ಚು. ವೀಸಾ ನಿರಾಕರಣೆಯಾದರೆ ಅರ್ಜಿ ಶುಲ್ಕ ಹೋದಂತೆಯೇ. ಆದರೆ ಆರೋಗ್ಯ ಮೇಲ್ತೆರಿಗೆ ಪೂರ್ತಿ ಮರಳುತ್ತದೆ. ಅದು ಮರಳುವುದು ಹಣ ಪಾವತಿಯಾದ ಕಾರ್ಡಿಗೆ ಅಥವಾ ಖಾತೆಗೆ. ಸಲಹಾ ಕೇಂದ್ರದವರು ತಮ್ಮ ಕಾರ್ಡಿನಿಂದ ಕಟ್ಟಿದ್ದರೆ ಲಕ್ಷ ರೂಪಾಯಿಗೂ ಮೀರಿದ ಆ ಮೊತ್ತ ಅವರ ಖಾತೆಗೇ ಬಂದು ಬೀಳುತ್ತದೆ, ‘ವಾಪಸ್ ಇಲ್ಲ’ ಎಂಬ ಮೊಹರಿನ ರಸೀದಿ ಮಾತ್ರ ತಂದೆಯ ಕೈಯಲ್ಲಿರುತ್ತದೆ. ಎಲ್ಲ ಕೇಂದ್ರಗಳೂ ಹೀಗೆ ಮಾಡುತ್ತವೆ ಎನ್ನಲಾರೆ, ಆದರೆ ಅನುಮಾನಕ್ಕೆ ಎಡೆಯೇ ಇರಬಾರದೆಂದರೆ ಸರ್ಕಾರಿ ಶುಲ್ಕವನ್ನು ವಿದ್ಯಾರ್ಥಿಯ ಅಥವಾ ಪೋಷಕರ ಸ್ವಂತ ಕಾರ್ಡಿನಿಂದಲೇ ಕಟ್ಟುವುದು ಒಳಿತು.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ವಿದ್ಯಾರ್ಥಿಯು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ವಿವರ ದಾಖಲಿಸುವ ಅಲ್ಲಿನ ಸರ್ಕಾರಿ ವ್ಯವಸ್ಥೆ) ಶುಲ್ಕವೆಂದು 350 ಡಾಲರ್, ವೀಸಾ ಅರ್ಜಿಗೆಂದು 185 ಡಾಲರ್ ಪ್ರತ್ಯೇಕವಾಗಿ ಕಟ್ಟಬೇಕಾಗಿದ್ದು, ಸಂದರ್ಶನದಲ್ಲಿ ನಿರಾಕರಣೆಯಾದರೆ ಎರಡೂ ಮರಳುವುದಿಲ್ಲ. ಹನ್ನೆರಡು ತಿಂಗಳೊಳಗೆ ಅದೇ ಬಗೆಯ ವೀಸಾಕ್ಕೆ ಮತ್ತೆ ಅರ್ಜಿ ಹಾಕುವವರು ಸೆವಿಸ್ ಶುಲ್ಕವನ್ನು ಮತ್ತೊಮ್ಮೆ ಕಟ್ಟಬೇಕಾಗಿಲ್ಲ; 185 ಡಾಲರನ್ನು ಮಾತ್ರ ಹೊಸದಾಗಿ ತೆರಬೇಕು. ಎರಡನೆಯ ಸಲವೂ ‘ಪೂರ್ತಿ ಶುಲ್ಕ’ ಕೇಳುವವರಿಗೆ ಈ ನಿಯಮವನ್ನು ತೋರಿಸಬಹುದು. ಇವುಗಳ ಮೇಲೆ ಇನ್ನೂ 250 ಡಾಲರ್ ಶುಲ್ಕ ವಿಧಿಸಲು 2025ರ ಜುಲೈನಲ್ಲಿ ಅಲ್ಲಿ ಕಾನೂನು ಆಗಿರುವುದರಿಂದ, ಅರ್ಜಿ ತುಂಬುವ ದಿನವೇ ಅಧಿಕೃತ ಜಾಲತಾಣವನ್ನು ಮತ್ತೊಮ್ಮೆ ನೋಡುವುದು ಕ್ಷೇಮ. ಕಳೆದ ವರ್ಷ ಹೋದ ಪಕ್ಕದ ಮನೆಯ ಹುಡುಗನ ಲೆಕ್ಕವನ್ನು ನಂಬಿ ಕೂರುವಂತಿಲ್ಲ. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕ 710 ಆಸ್ಟ್ರೇಲಿಯನ್ ಡಾಲರ್ ಇದ್ದದ್ದು 2024ರ ಜುಲೈನಲ್ಲಿ 1,600 ಆಯಿತು, ಮರುವರ್ಷದ ಜುಲೈನಲ್ಲಿ 2,000 ಆಯಿತು.

ಜರ್ಮನಿಯ ವಿಷಯದಲ್ಲಿ ಗೊಂದಲ ಇನ್ನೊಂದು ಬಗೆಯದು. ವೀಸಾ ಶುಲ್ಕ ಕೇವಲ 75 ಯೂರೊ. ಆದರೆ ವರ್ಷದ ಜೀವನ ನಿರ್ವಹಣೆಗೆಂದು 11,904 ಯೂರೊವನ್ನು ನಿರ್ಬಂಧಿತ ಖಾತೆಯಲ್ಲಿಟ್ಟು ತೋರಿಸಬೇಕೆಂಬ ನಿಯಮ 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಇದು ಶುಲ್ಕವಲ್ಲ. ವಿದ್ಯಾರ್ಥಿ ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೊದಂತೆ ಅವನ ಕೈಗೇ ಬರುವ ಸ್ವಂತ ಹಣ. ಇದನ್ನೂ ‘ವೀಸಾ ಖರ್ಚು’ ಎಂದು ತಿಳಿದು ಗಾಬರಿಯಾಗುವವರಿದ್ದಾರೆ.

ನಮ್ಮ ಜಿಲ್ಲೆಯ ಮಟ್ಟಿಗೆ ಮೊತ್ತಕ್ಕಿಂತ ದೊಡ್ಡ ತೊಡಕು ಹಣ ಹೊಂದಿಸಬೇಕಾದ ಸಮಯದ್ದು. ಸೆಪ್ಟೆಂಬರ್ ಪ್ರವೇಶಕ್ಕೆ ಈ ಶುಲ್ಕಗಳೆಲ್ಲ ಬಂದು ನಿಲ್ಲುವುದು ಮೇ ತಿಂಗಳಿನಿಂದ ಜುಲೈವರೆಗೆ, ಅಂದರೆ ಮೆಕ್ಕೆಜೋಳದ ಬಿತ್ತನೆ ಬೀಜ, ಗೊಬ್ಬರಕ್ಕೆ ಮನೆಯ ಹಣವೆಲ್ಲ ಹೊಲ ಸೇರುವ ದಿನಗಳಲ್ಲಿ. ಅಡಿಕೆ ಕೊಯ್ಲಿಗೆ ಇನ್ನೂ ಕಾಲವಿರುತ್ತದೆ. ಶಿಕ್ಷಣ ಸಾಲವೋ ಸಾಮಾನ್ಯವಾಗಿ ವೀಸಾ ಕೈಸೇರಿದ ಮೇಲೆಯೇ ಬಿಡುಗಡೆಯಾಗುತ್ತದೆ. ನಾಲ್ಕು ಲಕ್ಷ ರೂಪಾಯಿ ಮೀರಿದ ಸಾಲಕ್ಕೆ, ವಿದೇಶ ವ್ಯಾಸಂಗವಾದರೆ ಶೇ 15ರಷ್ಟು ಪಾಲನ್ನು ಕುಟುಂಬವೇ ಭರಿಸಬೇಕೆಂಬುದು ಬ್ಯಾಂಕುಗಳ ಮಾದರಿ ಯೋಜನೆಯಲ್ಲಿದೆ. ಹೀಗಾಗಿ ವೀಸಾಗೆ ಮುಂಚಿನ ಖರ್ಚೆಲ್ಲ ಮಂಡಿಯ ಮುಂಗಡದಿಂದಲೋ ಹೆಚ್ಚಿನ ಬಡ್ಡಿಯ ಕೈಸಾಲದಿಂದಲೋ ನಡೆಯುತ್ತದೆ. ಮಗ ಅಥವಾ ಮಗಳು ಮುಂದಿನ ವರ್ಷ ಹೊರಡುವುದು ಖಚಿತವಿದ್ದರೆ, ಹಿಂದಿನ ಫಸಲಿನ ಹಣ ಬಂದಾಗಲೇ ಇದಕ್ಕೆಂದು ಒಂದು ಠೇವಣಿಯಿಟ್ಟು, ವಿನಿಮಯ ದರದ ಏರಿಕೆಗೂ ಕಾರ್ಡಿನ ವಿದೇಶಿ ಪಾವತಿ ಶುಲ್ಕಕ್ಕೂ ಶೇ 10ರಷ್ಟು ಹೆಚ್ಚಿಗೆ ತೆಗೆದಿರಿಸುವುದು ಜಾಣತನ. ಅಮೆರಿಕದ ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿಬರುವ ಖರ್ಚನ್ನೂ ಇದರಲ್ಲೇ ಸೇರಿಸಿಕೊಳ್ಳಬೇಕು.

ಸರ್ಕಾರಿ ಶುಲ್ಕ, ಸೇವಾಶುಲ್ಕ, ಮರಳುವ ಮೊತ್ತ ಇವುಗಳನ್ನು ಬೇರೆ ಬೇರೆ ಸಾಲಿನಲ್ಲಿ ನಮೂದಿಸಿ ಜಿಎಸ್‌ಟಿ ಸಂಖ್ಯೆಯಿರುವ ರಸೀದಿ ನೀಡುವಂತೆ ಜಿಲ್ಲಾಡಳಿತವು ನಗರದ ಸಲಹಾ ಕೇಂದ್ರಗಳಿಗೆ ಸೂಚಿಸಬೇಕು. ಉದ್ಯೋಗಕ್ಕೆ ಹೊರದೇಶಕ್ಕೆ ಕಳುಹಿಸುವ ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ ಎಂಬ ಮಿತಿ ಈಗಾಗಲೇ ಇರುವಾಗ, ವಿದ್ಯಾರ್ಥಿಗಳ ವಿಷಯದಲ್ಲಿ ಕನಿಷ್ಠ ಪಾರದರ್ಶಕತೆಯನ್ನಾದರೂ ಕೇಳುವುದು ಅತಿಯಾಸೆಯಲ್ಲ. ಬ್ಯಾಂಕುಗಳು ಪ್ರವೇಶಪತ್ರದ ಆಧಾರದ ಮೇಲೆ ಅರ್ಜಿ ಶುಲ್ಕದಷ್ಟನ್ನು ಸಾಲದ ಮೊದಲ ಕಂತಾಗಿ ಬಿಡುಗಡೆ ಮಾಡುವ ಬಗ್ಗೆಯೂ ಜಿಲ್ಲೆಯ ಅಗ್ರಣಿ ಬ್ಯಾಂಕ್ ತನ್ನ ಸಭೆಯಲ್ಲಿ ಚರ್ಚಿಸಲಿ. ತಮ್ಮ ಪತ್ರಿಕೆಯಲ್ಲಿ ವಿದೇಶ ವ್ಯಾಸಂಗದ ಜಾಹೀರಾತುಗಳು ಪುಟತುಂಬ ಬರುವ ವಾರಗಳಲ್ಲಿ, ಅವುಗಳ ಪಕ್ಕದಲ್ಲೇ ಆಯಾ ದೇಶಗಳ ಅಂದಿನ ಅಧಿಕೃತ ಶುಲ್ಕಪಟ್ಟಿಯನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ