ಮನವಿಗೆ ಸಹಿ ಹಾಕೋ ಮೊದಲು ಓದ್ರಿ

ಶರಣು ಎಲ್ಲರಿಗೂ. ಟೋಲ್, ಡೀಸೆಲ್ ತೆರಿಗೆ ಏರಿಕೆ ವಿರೋಧ ಒಂದೇ ಅರ್ಜಿದಾಗ ಬರೀಬ್ಯಾಡ್ರಿ. ರಾಷ್ಟ್ರೀಯ ಹೆದ್ದಾರಿ ಟೋಲ್ ಕೇಂದ್ರದ್ದು. ಅದನ್ನ ಬೆರೆಸಿದ್ರ ರಾಜ್ಯದ ಅಧಿಕಾರಿಗಳು ‘ನಮ್ಮ ವ್ಯಾಪ್ತಿಗೆ ಬರಲ್ಲ’ ಅಂದು ಇಡೀ ಅರ್ಜಿನೇ ಮೂಲಿಗೆ ಬೀಳ್ತದ. ರಾಜ್ಯ ಹೆದ್ದಾರಿ ಟೋಲ್‌ದು ಲೋಕೋಪಯೋಗಿಗೆ, ಡೀಸೆಲ್ ಮಾರಾಟ ತೆರಿಗೆದು ಹಣಕಾಸು ಇಲಾಖೆಗೆ.

ಬರೀ ‘ಹೊರೆ ಆಗ್ಯದ’ ಅಂದ್ರ ಸಾಲಲ್ಲ, ಲೆಕ್ಕ ತೋರಿಸ್ರಿ. 2025ರ ಏಪ್ರಿಲ್ 1ಕ್ಕ ರಾಜ್ಯದ ಡೀಸೆಲ್ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕ ಏರಿ ಲೀಟರಿಗೆ 2 ರೂಪಾಯಿ ಹೆಚ್ಚಾಯ್ತು. ತೊಗರಿ ಲಾರಿ ಕಲಬುರಗಿಯಿಂದ ಬೆಂಗಳೂರಿಗೆ ಹೋಗಿಬರ್ಲಕ್ಕ ಸುಮಾರು 1200 ಕಿ.ಮೀ.; ಲೀಟರಿಗೆ 4 ಕಿ.ಮೀ. ಹಿಡಿದ್ರ 300 ಲೀಟರ್. ಒಂದು ಟ್ರಿಪ್ಪಿಗೇ 600 ರೂಪಾಯಿ ಕೈಬಿಟ್ಟು ಹೋಗ್ತದ. ಇದರ ಮ್ಯಾಲ ಮತ್ತ ಏರಿಸೋದು ಅನ್ಯಾಯ.

ಪಂಪಿನ ಬಿಲ್ ಇವತ್ತೇ ಜೆರಾಕ್ಸ್ ಮಾಡಿಸ್ರಿ. ಆ ನುಣುಪು ಕಾಗದದ ಅಕ್ಷರ ಬಿಸಿಲಿಗೆ ಅಳಿಸಿಹೋಗ್ತಾವ. ಡಿಸಿ ಆಫೀಸಿಗೆ ಎರಡು ಪ್ರತಿ ಒಯ್ರಿ, ಒಂದರ ಮ್ಯಾಲ ಮೊಹರು, ತಾರೀಖು ಹಾಕಿಸ್ಕೊಂಡೇ ಬರ್ರಿ.