ಕಾಲೇಜಿಗೆ ಮೊದಲಿನ ಆ ಐದಾರು ವಾರ

ಪ್ರೀತಿಯ ಅಣ್ಣ, ಅತ್ತಿಗೆಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ಪುಟ್ಟಿಯನ್ನು ಇಲ್ಲಿ ಅಮೆರಿಕದ 'ಸಮ್ಮರ್ ಬ್ರಿಡ್ಜ್'ಗೆ, ಅಂದರೆ ಕಾಲೇಜು ಶುರುವಾಗುವ ಮೊದಲು ಹೊಸ ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ನಡೆಸುವ ತಯಾರಿ ಕಾರ್ಯಕ್ರಮಕ್ಕೆ, ಸೇರಿಸಬೇಕೇ ಎಂದು ಕೇಳಿದ್ದಿರಿ. ಅವಕಾಶವಿದ್ದರೆ ಬಿಡಬೇಡಿ. ಆದರೆ ಮೊದಲು ಐ-20, ಅಂದರೆ ವೀಸಾಕ್ಕಾಗಿ ಕಾಲೇಜು ಕೊಡುವ ಪತ್ರ, ತೆಗೆದು ನೋಡಿ. ಅದರಲ್ಲಿರುವ ಆರಂಭದ ದಿನಕ್ಕಿಂತ 30 ದಿನ ಮುಂಚೆಯಷ್ಟೇ ಎಫ್-1 (ವಿದ್ಯಾರ್ಥಿ) ವೀಸಾದವರನ್ನು ಅಮೆರಿಕದೊಳಗೆ ಬಿಡುತ್ತಾರೆ. ಬ್ರಿಡ್ಜ್ ಜೂನ್ ಕೊನೆಗೆ ಶುರುವಾಗಿ, ಐ-20ಯಲ್ಲಿ ಆಗಸ್ಟ್ ಕೊನೆ ಎಂದಿದ್ದರೆ ಅವಳು ಬರಲಾಗದು. ಬೇಸಿಗೆಯ ದಿನಾಂಕವಿರುವ ಐ-20 ಕೇಳಿ ತರಿಸಿಕೊಳ್ಳಿ. ಸರ್ಕಾರಿ ಅನುದಾನದಲ್ಲಿ ನಡೆಯುವ ಎಷ್ಟೋ ಕಾರ್ಯಕ್ರಮಗಳಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು, ಅದನ್ನೂ ವಿಚಾರಿಸಿ.

ಇದನ್ನು ಟ್ಯೂಷನ್ ಅಂದುಕೊಳ್ಳಬೇಡಿ. 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು ಒಂದು ಸಂಗತಿ ಗಮನಿಸಿದರು: ಕ್ಯಾಲ್ಕುಲಸ್‌ನಲ್ಲಿ ಸೋಲುತ್ತಿದ್ದ ಹುಡುಗರು ಸೋಮಾರಿಗಳಲ್ಲ, ಒಬ್ಬೊಬ್ಬರೇ ಕೂತು ಓದುತ್ತಿದ್ದವರು. ಅವರಿಗೆ ಸುಲಭದ ಪಾಠ ಕೊಡದೆ, ಇನ್ನೂ ಕಷ್ಟದ ಲೆಕ್ಕ ಕೊಟ್ಟು ಗುಂಪಿನಲ್ಲಿ ಬಿಡಿಸಲು ಕೂರಿಸಿದರು. ಒಳ್ಳೆಯ ಬ್ರಿಡ್ಜ್‌ಗಳಲ್ಲಿ ಇಂದಿಗೂ ನಡೆಯುವುದು ಅದೇ. ನಾಲ್ಕೈದು ಜನ ಬೋರ್ಡಿನ ಮುಂದೆ ನಿಂತು, ಪ್ರತಿ ಹೆಜ್ಜೆ ಏಕೆ ಎಂದು ಬಾಯಿಬಿಟ್ಟು ಹೇಳಬೇಕು. ಉತ್ತರ ಗೊತ್ತಿದ್ದೂ ಸುಮ್ಮನೆ ಕೂರುವ ನಮ್ಮ ಮಕ್ಕಳು ತೊಡಕಿಗೆ ಸಿಕ್ಕುವುದು ಇಲ್ಲೇ.

ಇನ್ನು ಯಾವ ಗಣಿತ ತರಗತಿಯಿಂದ ಶುರುಮಾಡಬೇಕೆಂದು ತೀರ್ಮಾನಿಸುವ ಪ್ಲೇಸ್‌ಮೆಂಟ್ ಪರೀಕ್ಷೆ. ಹಲವು ಕಾಲೇಜುಗಳಲ್ಲಿ ಅಲೆಕ್ಸ್ (ALEKS) ಎಂಬ ಆನ್‌ಲೈನ್ ಪರೀಕ್ಷೆ ಇರುತ್ತದೆ: ಹೆಚ್ಚೆಂದರೆ 30 ಪ್ರಶ್ನೆ, ಹಿಂದಿನ ಉತ್ತರ ನೋಡಿ ಮುಂದಿನದು ಬರುತ್ತದೆ. ಮನೆಯಲ್ಲಿ ಕೂತು ಬರೆಯುವುದಾದರೂ ಪಕ್ಕದಲ್ಲಿ ಯಾರೂ ಹೇಳಿಕೊಡುವುದು ಬೇಡ, ಅತ್ತಿಗೆ. ಹಾಗೆ ಮೇಲಿನ ತರಗತಿಗೆ ಹೋದವರು ಮೊದಲ ಮಿಡ್‌ಟರ್ಮ್‌ನಲ್ಲೇ ಕುಸಿಯುತ್ತಾರೆ. ಹಾಗಂತ ತಯಾರಿಯಿಲ್ಲದೆ ಬರೆದು, ಕ್ಯಾಲ್ಕುಲಸ್‌ಗೂ ಮೊದಲಿನ ಪ್ರಿಕ್ಯಾಲ್ಕುಲಸ್ ತರಗತಿಗೆ ಬಿದ್ದರೂ ಕಷ್ಟ. ಕ್ಯಾಲ್ಕುಲಸ್ ಇಲ್ಲದೆ ಫಿಸಿಕ್ಸ್ ಇಲ್ಲ, ಫಿಸಿಕ್ಸ್ ಇಲ್ಲದೆ ಎಂಜಿನಿಯರಿಂಗ್‌ನ ಸ್ಟಾಟಿಕ್ಸ್ ಇಲ್ಲ. ಒಂದು ಸೆಮಿಸ್ಟರ್ ತಪ್ಪಿದರೆ ಮುಂದಿನದೆಲ್ಲ ಜಾರುತ್ತದೆ. ಲಾಗರಿದಮ್, ತ್ರಿಕೋನಮಿತಿ, ಭಿನ್ನರಾಶಿಯ ಬೀಜಗಣಿತ ಎರಡು ವಾರ ಕ್ಯಾಲ್ಕುಲೇಟರ್ ಮುಟ್ಟದೆ ತಿದ್ದಿಕೊಳ್ಳಲಿ. ಬ್ರಿಡ್ಜ್ ಮುಗಿದ ಮೇಲೆ ಕೆಲವು ಕಡೆ ಮತ್ತೊಮ್ಮೆ ಬರೆಯಲು ಬಿಡುತ್ತಾರೆ, ಕೇಳಿಡಿ.

ಇಲ್ಲಿ ವರ್ಷದ ಕೊನೆಗೆ ಒಂದೇ ದೊಡ್ಡ ಪರೀಕ್ಷೆ ಎಂಬುದಿಲ್ಲ. ಪ್ರತಿ ವಾರದ ಹೋಮ್‌ವರ್ಕ್, ಕ್ವಿಜ್, ಮಿಡ್‌ಟರ್ಮ್ ಎಲ್ಲ ಗ್ರೇಡಿಗೆ ಸೇರುತ್ತದೆ. ಮೊದಲ ಕ್ವಿಜ್‌ನಲ್ಲಿ ಕಡಿಮೆ ಬಂದರೆ ಅಂದೇ ಪ್ರೊಫೆಸರರ ಆಫೀಸ್ ಅವರ್ಸ್‌ಗೆ ಹೋಗಲಿ. ಅದು ಹುಡುಗರಿಗೆಂದೇ ಇಟ್ಟ ಸಮಯ, ತೊಂದರೆ ಕೊಟ್ಟಂತೆ ಅಲ್ಲವೇ ಅಲ್ಲ. ಬ್ರಿಡ್ಜ್‌ನಲ್ಲಿ ಆ ಸಂಕೋಚ ಕಳೆದರೆ ಅರ್ಧ ಕೆಲಸ ಆದಂತೆ.

ಕಾಲೇಜಿನ ಉತ್ತರ ಬಂದೊಡನೆ ಐ-20 ಪ್ರತಿ ನನಗೂ ಕಳಿಸಿ. ಟಿಕೆಟ್ ಮಾತ್ರ ಅದಕ್ಕೆ ಮೊದಲು ಬುಕ್ ಮಾಡಬೇಡಿ.

ನಿಮ್ಮ ಪ್ರೀತಿಯ
ತಂಗಿ